ಯೋಚನೆಗೂ ಒಂದು ಮದ್ದು

ಬಹುಕಾಲ ಕಾಡುವ ಚಿಂತೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗರು ಹೇಳುವ ಹೆಸರು ‘ಯೋಚನೆ’. ಕನ್ನಡ ಪಾಠ ಹೇಳುವ ನನಗೆ ಈ ಮಾತು ಬಹಳ ಅರ್ಥವತ್ತಾಗಿ ಕಂಡಿದೆ. ಯೋಚಿಸುವ ಶಕ್ತಿಯೇ ತಿರುಗಿ ಮನುಷ್ಯನನ್ನು ತಿನ್ನುವುದು ಈ ಬೇನೆಯ ಲಕ್ಷಣ.

ವಿಶ್ವೇಶ್ವರಯ್ಯ ನಾಲೆಯ ನೀರೂ 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯೂ ಈ ಸೀಮೆಗೆ ಸಿರಿ ತಂದವು, ನಿಜ. ಆದರೆ ಕಬ್ಬು ಕಟಾವಿಗೆ ಬರಲು ವರ್ಷ ಬೇಕು. ಸಾಲದ ಬಡ್ಡಿ ಅಷ್ಟು ದಿನ ಕಾಯದು. 2015ರಲ್ಲಿ ಜಿಲ್ಲೆಯ ಅನೇಕ ರೈತರು ಆತ್ಮಹತ್ಯೆ ಮಾಡಿಕೊಂಡಾಗ ನಾಡೇ ಬೆಚ್ಚಿತು.

ಮನಸ್ಸಿನ ವೈದ್ಯವಾದರೋ ಬಹುಕಾಲ ಬೆಂಗಳೂರಿನ ಗೋಡೆಗಳೊಳಗೇ ಇತ್ತು. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎನಿಸಿಕೊಂಡಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು ಮೊದಲು ಸಕಲವಾರದಲ್ಲಿ, ಬಳಿಕ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಈ ವೈದ್ಯವನ್ನು ಹಳ್ಳಿಗರ ಬಳಿಗೇ ಒಯ್ದರು. ಬಳ್ಳಾರಿಯ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರಿಂದ 14416ಕ್ಕೆ ದೂರವಾಣಿ ಮಾಡಿದರೂ ಆಪ್ತಸಲಹೆ ದೊರೆಯುತ್ತದೆ.

ಆಪ್ತಸಲಹೆ ಸಾಲ ತೀರಿಸೀತೇ ಎಂದು ಓದುಗರು ಕೇಳಬಹುದು. ತೀರಿಸದು. ಆದರೆ ಸಿಕ್ಕುಬಿದ್ದ ಯೋಚನೆಯ ಎಳೆಗಳನ್ನು ಬಿಡಿಸಿ, ಇಂದು ಕೈಲಾಗುವುದು ಯಾವುದು, ಆಗದ್ದು ಯಾವುದು ಎಂದು ವಿಂಗಡಿಸಲು ಕಲಿಸುತ್ತದೆ. ಕೆಟ್ಟ ನಿದ್ದೆಯನ್ನು ಹದಕ್ಕೆ ತರಲು ನೆರವಾಗುತ್ತದೆ. ಬೆಲೆ, ಸಾಲ, ನೀರುಗಳ ಹೊಣೆ ಸರ್ಕಾರದ್ದೇ. ಆ ನ್ಯಾಯ ದೊರೆಯುವ ದಿನಕ್ಕೆ ರೈತ ಬದುಕಿರಬೇಕಲ್ಲವೇ?