ನೇಮಕದ ಹಕ್ಕು ಯಾರದು? ಜಯಲಲಿತಾ ಪ್ರಕರಣ ಮತ್ತು ವಿಶೇಷ ಸರ್ಕಾರಿ ಅಭಿಯೋಜಕರು

ಎಲ್ಲಾದರೂ ಭೂ ಅಕ್ರಮದ ಮಾತೆದ್ದರೆ ‘ಸ್ಪೆಷಲ್ ಪ್ರಾಸಿಕ್ಯೂಟರ್ ಹಾಕಿ ತನಿಖೆ ಮಾಡಿಸಿ’ ಎಂಬ ಬೇಡಿಕೆ ಬರುವುದುಂಟು. ಅದರಲ್ಲಿ ಎರಡು ಕೆಲಸಗಳು ಕಲೆತುಹೋಗಿವೆ. ನಮ್ಮ ಕಾನೂನಿನಲ್ಲಿ ತನಿಖೆ ಪೊಲೀಸರದು. ಅಭಿಯೋಜಕರ ಪಾತ್ರ ನ್ಯಾಯಾಲಯದೊಳಗಿನದು. ಆರ್. ಸರಳಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಈ ಗೆರೆಯನ್ನು ಗಟ್ಟಿಯಾಗಿ ಎಳೆಯಿತು. 1973ರಲ್ಲಿ ವಾಟರ್‌ಗೇಟ್ ಹಗರಣದ ತನಿಖೆಯನ್ನೇ ಮುನ್ನಡೆಸಿದ ಆರ್ಚಿಬಾಲ್ಡ್ ಕಾಕ್ಸ್ ಅವರಂಥ ಹುದ್ದೆ ನಮ್ಮಲ್ಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 24(8)ನೇ ಕಲಮು (ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18(8)) ಕನಿಷ್ಠ 10 ವರ್ಷ ವಕೀಲಿ ವೃತ್ತಿ ಮಾಡಿದವರನ್ನು ನಿರ್ದಿಷ್ಟ ಪ್ರಕರಣಕ್ಕೆ ನೇಮಿಸಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ, ಅಷ್ಟೆ.

ಹಾಗಾದರೆ ಯಾವ ಸರ್ಕಾರಕ್ಕೆ? ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ ಎಂಬುದು ಕರ್ನಾಟಕದಲ್ಲೇ ಬಯಲಾಯಿತು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರ ನವೆಂಬರ್ 18ರಂದು ಚೆನ್ನೈನಿಂದ ಬೆಂಗಳೂರಿಗೆ ವರ್ಗಾಯಿಸಿತು. ಆರೋಪಿಯೇ ಮುಖ್ಯಮಂತ್ರಿಯಾಗಿದ್ದ ರಾಜ್ಯದಲ್ಲಿ ನಿಷ್ಪಕ್ಷಪಾತ ವಿಚಾರಣೆಯ ಭರವಸೆ ಉಳಿದಿರಲಿಲ್ಲ. 2005ರಲ್ಲಿ ವಿಶೇಷ ಅಭಿಯೋಜಕರಾಗಿ ನೇಮಕಗೊಂಡ ಬಿ.ವಿ. ಆಚಾರ್ಯ 2012ರಲ್ಲಿ ಹೊಣೆ ಬಿಟ್ಟರು, ಮರುವರ್ಷ ಜಿ. ಭವಾನಿ ಸಿಂಗ್ ಬಂದರು. ಪರಪ್ಪನ ಅಗ್ರಹಾರದಲ್ಲಿ 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹ ಜಯಲಲಿತಾ ಅವರಿಗೆ ನಾಲ್ಕು ವರ್ಷ ಸೆರೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು.

ಎಡವಟ್ಟಾದದ್ದು ಮೇಲ್ಮನವಿಯಲ್ಲಿ. ಹೈಕೋರ್ಟಿನಲ್ಲಿ ವಾದಿಸಲು ಭವಾನಿ ಸಿಂಗ್ ಅವರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರ! ಯಾರ ಕೈಯಿಂದ ಪ್ರಕರಣವನ್ನು ತಪ್ಪಿಸಲಾಗಿತ್ತೋ ಅವರ ಕೈಗೇ ಅಭಿಯೋಜನೆ ಮರಳಿತ್ತು. ಡಿಎಂಕೆ ನಾಯಕ ಕೆ. ಅನ್ಬಳಗನ್ ಅರ್ಜಿಯ ಮೇಲೆ 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಈ ನೇಮಕ ಕಾನೂನುಬಾಹಿರವೆಂದಿತು. ನೇಮಿಸುವ ಅಧಿಕಾರ ಕರ್ನಾಟಕಕ್ಕೆ ಮಾತ್ರ ಎಂದಿತು. ಆದರೆ ಮರುವಿಚಾರಣೆ ಬೇಡವೆಂದು, ಲಿಖಿತ ವಾದ ಸಲ್ಲಿಸಲು ಒಂದು ದಿನವಷ್ಟೇ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಆ ತೀರ್ಪಿನ ಕೊರತೆ ಇದೇ: ತಪ್ಪು ನೇಮಕವೆಂದ ಮೇಲೆ ಸರಿಯಾದ ಅಭಿಯೋಜಕರಿಗೆ ಬಾಯಿಮಾತಿನ ವಾದಕ್ಕೂ ಎಡೆ ಬೇಕಿತ್ತು.

ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ಆದಾಯ ಮೀರಿದ ಆಸ್ತಿ ಶೇ 8.12 ಮಾತ್ರ ಎಂಬುದು ಅದರ ಲೆಕ್ಕ. ಆದರೆ ಆದಾಯದ ಲೆಕ್ಕಕ್ಕೆ ಸೇರಿಸಿದ ಸಾಲಗಳ ಪಟ್ಟಿಯನ್ನು ಕೂಡಿದರೆ ಸುಮಾರು 10.67 ಕೋಟಿ ಬರುತ್ತದೆ, ತೀರ್ಪಿನಲ್ಲಿದ್ದದ್ದು 24.17 ಕೋಟಿ. ಮರಳಿ ನೇಮಕಗೊಂಡಿದ್ದ ಆಚಾರ್ಯ ಈ ಕೂಡಿಕೆಯ ತಪ್ಪನ್ನು ಕೂಡಲೇ ಎತ್ತಿ ತೋರಿಸಿದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಉಳಿದ ಮೂವರು ಸಹ ಆರೋಪಿಗಳ ಶಿಕ್ಷೆಯನ್ನು ಮರುಸ್ಥಾಪಿಸಿತು. ಜಯಲಲಿತಾ 2016ರ ಡಿಸೆಂಬರ್ 5ರಂದೇ ತೀರಿಕೊಂಡಿದ್ದರು.