ಹಂಟಿಂಗ್ಟನ್ ಕಾಯಿಲೆಯ ಇಲಿಗಳು: ಮೂರು ದಶಕಗಳ ಹಾದಿ

ಅಪ್ಪನಿಗೋ ಅಮ್ಮನಿಗೋ ಹಂಟಿಂಗ್ಟನ್ ಕಾಯಿಲೆ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕೈಕಾಲುಗಳು ಹಿಡಿತ ತಪ್ಪಿ ಆಡತೊಡಗುತ್ತವೆ; ಸಿಡುಕು, ಖಿನ್ನತೆ, ಮರೆವು ಜೊತೆಗೂಡುತ್ತವೆ. ವೆನೆಜುವೆಲಾದ ಮರಕೈಬೊ ಸರೋವರದ ದಡದ ಕುಟುಂಬಗಳು ಕೊಟ್ಟ ರಕ್ತ ಇದಕ್ಕೆ ಕಾರಣವಾದ ಜೀನಿನ ಹುಡುಕಾಟಕ್ಕೆ ದೊಡ್ಡ ಆಸರೆಯಾಯಿತು. 1983ರಲ್ಲಿ ಅದು ನಾಲ್ಕನೇ ಕ್ರೋಮೋಸೋಮಿನಲ್ಲಿದೆ ಎಂದು ತಿಳಿಯಿತು, 1993ರಲ್ಲಿ ಕೈಗೆ ಸಿಕ್ಕಿತು. ಜೀನಿನ ಆರಂಭದಲ್ಲಿ 'ಸಿಎಜಿ' ಎಂಬ ಮೂರಕ್ಷರ ಸಾಲಾಗಿ ಮರುಕಳಿಸುತ್ತದೆ. 26 ಸಲದವರೆಗೆ ಚಿಂತೆಯಿಲ್ಲ. 40 ಮುಟ್ಟಿದರೆ, ಆಯಸ್ಸು ಗಟ್ಟಿಯಿದ್ದವರಿಗೆ ಕಾಯಿಲೆ ತಪ್ಪಿದ್ದಲ್ಲ.

ಬದುಕಿರುವ ಮನುಷ್ಯನ ಮಿದುಳನ್ನು ತೆಗೆದು ನೋಡಲಾಗದು, ಆದ್ದರಿಂದ ಇಲಿ ಬೇಕಾಯಿತು. 1995ರಲ್ಲಿ ಮೂರು ತಂಡಗಳು ಇಲಿಯಲ್ಲಿರುವ ಇದೇ ಜೀನನ್ನು ತೆಗೆದುಹಾಕಿದವು. ಭ್ರೂಣಗಳು ಗರ್ಭದಲ್ಲೇ ಸತ್ತವು. ಹಾಗಾದರೆ ಜೀನಿನ ಕೊರತೆ ಈ ಕಾಯಿಲೆಯಲ್ಲ, ಉದ್ದವಾದ ಜೀನಿನಿಂದ ತಯಾರಾಗುವುದೇ ಹಾನಿ ಮಾಡುತ್ತಿರಬೇಕು ಎಂಬ ಸಂದೇಹ ಗಟ್ಟಿಯಾಯಿತು.

ತಿರುವು ಬಂದದ್ದು 1996ರಲ್ಲಿ, ಲಂಡನ್ನಿನ ಗಿಲಿಯನ್ ಬೇಟ್ಸ್ ಅವರ ಪ್ರಯೋಗಾಲಯದಲ್ಲಿ. ಸಿಎಜಿ ಸಾಲು ಹೇಗೆ ಬೆಳೆಯುತ್ತದೆಂದು ತಿಳಿಯಲು ಮಾನವ ಜೀನಿನ ಮೊದಲ ತುಣುಕನ್ನಷ್ಟೇ ಇಲಿಗಳಲ್ಲಿ ಸೇರಿಸಲಾಗಿತ್ತು. ಎಣಿಸದೆಯೇ ಇಲಿಗಳು ಕಾಯಿಲೆ ಬಿದ್ದವು. ಬಾಲ ಹಿಡಿದು ಎತ್ತಿದರೆ ಆರೋಗ್ಯವಂತ ಇಲಿ ಹಿಂಗಾಲುಗಳನ್ನು ಅಗಲಿಸುತ್ತದೆ. ಇವು ಕಾಲುಗಳನ್ನು ಹೊಟ್ಟೆಗೆ ಅವುಚಿಕೊಂಡವು. ತೂಕ ಇಳಿಯಿತು, ನಡುಕ ಬಂತು. 'ಆರ್6/2' ಎಂಬ ತಳಿಯ ಆಯಸ್ಸು ಸುಮಾರು ಮೂರು ತಿಂಗಳು. ಮರುವರ್ಷ ಅವುಗಳ ನರಕೋಶಗಳ ಕೇಂದ್ರದಲ್ಲಿ ಪ್ರೋಟೀನಿನ ಗಂಟುಗಳು ಕಂಡವು. ತೀರಿಕೊಂಡ ರೋಗಿಗಳ ಮಿದುಳಿನಲ್ಲೂ ಅದೇ ವರ್ಷ ಅಂಥವೇ ಸಿಕ್ಕವು.

2000ದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಔಷಧಿ ಕೊಟ್ಟು ಆರಿಸಬಹುದಾದ ಜೀನನ್ನು ಇಲಿಗಳಲ್ಲಿಟ್ಟರು. ಕಾಯಿಲೆ ಶುರುವಾದ ಮೇಲೆ ಆರಿಸಿದರೂ ಗಂಟುಗಳು ಕರಗಿದವು, ನಡವಳಿಕೆ ಸುಧಾರಿಸಿತು. ಒಮ್ಮೆ ಬಂದರೆ ಮುಗಿಯಿತು ಎಂದುಕೊಂಡಿದ್ದ ಕಾಯಿಲೆಗೆ ಹಿಂದಿರುಗುವ ದಾರಿಯೂ ಇರಬಹುದೆಂದು ಮೊದಲು ತೋರಿಸಿದ್ದು ಇದೇ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಪ್ರಯೋಗ.

ಆದರೆ ಔಷಧಿಯ ವಿಷಯದಲ್ಲಿ ಇಲಿಯನ್ನು ನಂಬಿ ಕೆಟ್ಟದ್ದೂ ಇದೆ. ಕ್ರಿಯಾಟಿನ್, ಕೋಎನ್‌ಜೈಮ್ ಕ್ಯೂ10 ಎರಡೂ ಆರ್6/2 ಇಲಿಗಳ ಆಯಸ್ಸು ಹೆಚ್ಚಿಸಿದ್ದವು. ಜನರ ಮೇಲಿನ ದೊಡ್ಡ ಪರೀಕ್ಷೆಗಳು ಫಲ ಕಾಣದೆ 2014ರಲ್ಲಿ ನಿಂತವು. ಆರ್6/2 ಬೇಗ ಫಲಿತಾಂಶ ಕೊಡುತ್ತದೆಂದೇ ಎಲ್ಲರೂ ಅದನ್ನು ನೆಚ್ಚಿದರು. ಅದರಲ್ಲಿರುವುದು ಜೀನಿನ ತುಣುಕು ಮಾತ್ರ, ರೋಗಿಗಳಲ್ಲಿ ಸಾಯುವಷ್ಟು ನರಕೋಶಗಳು ಅದರಲ್ಲಿ ಸಾಯುವುದೂ ಇಲ್ಲ. ಇಡೀ ಮಾನವ ಜೀನ್ ಹೊತ್ತ ವೈಎಸಿ128, ಬಿಎಸಿಎಚ್‌ಡಿ ಇಲಿಗಳು, ಇಲಿಯ ಸ್ವಂತ ಜೀನನ್ನೇ ಉದ್ದವಾಗಿಸಿದ ತಳಿಗಳು ಬಂದದ್ದು ಈ ಕೊರತೆ ನೀಗಲೆಂದು. ಈ ಜೀನಿನಿಂದ ತಯಾರಾಗುವ ಪ್ರೋಟೀನನ್ನು ತಗ್ಗಿಸುವ ಔಷಧಿ ಇಲಿಗಳಲ್ಲಿ ಗೆದ್ದರೂ, ಅದೇ ಬಗೆಯ ಟೊಮಿನರ್ಸೆನ್ ಎಂಬ ಔಷಧಿಯನ್ನು ಜನರ ಮೇಲಿನ ಪರೀಕ್ಷೆಯಲ್ಲಿ ಕೊಡುವುದನ್ನು 2021ರಲ್ಲಿ ನಿಲ್ಲಿಸಬೇಕಾಯಿತು.

ಇಲಿಗಳ ಮೇಲಿದ್ದ ಇನ್ನೊಂದು ಆಕ್ಷೇಪ, ಅವುಗಳಲ್ಲಿ ನೂರಕ್ಕೂ ಮಿಕ್ಕ ಸಿಎಜಿ ಇಡಬೇಕಾಗುತ್ತದೆ ಎಂಬುದು. ರೋಗಿಗಳಲ್ಲಿ ಹೆಚ್ಚಿನವರು ಹುಟ್ಟುವುದು ನಲವತ್ತರ ಆಸುಪಾಸಿನ ಸಾಲಿನೊಂದಿಗೆ. ಆದರೆ ಈ ಸಾಲು ಬದುಕಿನುದ್ದಕ್ಕೂ ನರಕೋಶದೊಳಗೆ ಬೆಳೆಯುತ್ತಲೇ ಹೋಗುತ್ತದೆ. ಡಿಎನ್‌ಎ ರಿಪೇರಿಗೆ ಬೇಕಾದ ಎಮ್‌ಎಸ್‌ಎಚ್2 ಜೀನ್ ಇಲ್ಲದ ಇಲಿಗಳಲ್ಲಿ ಈ ಬೆಳವಣಿಗೆ ನಿಲ್ಲುತ್ತದೆಂದು 1999ರಲ್ಲೇ ಕಂಡಿತ್ತು; ಹೆಚ್ಚು ಜನ ಗಮನಿಸಲಿಲ್ಲ. 2015ರಲ್ಲಿ ಸಾವಿರಾರು ರೋಗಿಗಳ ಡಿಎನ್‌ಎ ಅಧ್ಯಯನವೂ ರಿಪೇರಿ ಜೀನುಗಳತ್ತಲೇ ಬೆರಳು ತೋರಿತು. 2025ರಲ್ಲಿ ಪ್ರಕಟವಾದ ಮಾನವ ಮಿದುಳಿನ ಅಧ್ಯಯನದ ಪ್ರಕಾರ, ಸಾಲು 150 ದಾಟಿದ ಮೇಲೆಯೇ ನರಕೋಶ ಕೆಡುತ್ತದೆ. ಇಲಿಯ ಉದ್ದ ಸಾಲು ಉತ್ಪ್ರೇಕ್ಷೆ ಆಗಿರಲಿಲ್ಲ, ರೋಗಿಯ ನರಕೋಶ ದಶಕಗಳ ನಂತರ ತಲುಪುವ ಘಟ್ಟವೇ ಅದು. ಅದೇ ವರ್ಷ ಲಾಸ್ ಏಂಜಲೀಸಿನ ತಂಡವೊಂದು ಎಮ್‌ಎಸ್‌ಎಚ್3 ಎಂಬ ರಿಪೇರಿ ಜೀನ್ ತೆಗೆದ ಇಲಿಗಳ ಮಿದುಳಿನಲ್ಲಿ ಹಾನಿ ಬಹಳ ಕಡಿಮೆಯಾದದ್ದನ್ನು ತೋರಿಸಿತು.

ಎಮ್‌ಎಸ್‌ಎಚ್3 ತಗ್ಗಿಸುವ ಔಷಧಿಗಳ ಕೆಲಸ ಈಗ ನಡೆದಿದೆ. ಯಾವ ವಯಸ್ಸಿನಲ್ಲಿ ಕೊಟ್ಟರೆ ಪ್ರಯೋಜನ ಎಂಬ ಪ್ರಶ್ನೆಗೆ ಇಲಿಯಲ್ಲಿ ತಿಂಗಳುಗಳಲ್ಲಿ ಉತ್ತರ ಸಿಕ್ಕೀತು. ಮನುಷ್ಯರಲ್ಲಾದರೆ, ಯಾವ ಲಕ್ಷಣವೂ ಕಾಣದ ವಯಸ್ಸಿನಲ್ಲೇ ಇಂಥ ಔಷಧಿಗಾಗಿ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪಿ ಮುಂದೆ ಬರುವವರು ಬೇಕು.