ತಾಂಬೂಲದ ಬೆಳ್ಳಿ ಪಾತ್ರೆಗಳೂ ಸವಣೂರು ಸೀಮೆಯ ದೊರೆತನವೂ

ಅರಸೊತ್ತಿಗೆಯ ಚಿಹ್ನೆಗಳನ್ನೆಣಿಸುವಾಗ ಛತ್ರ, ಚಾಮರ, ಸಿಂಹಾಸನಗಳನ್ನು ಹೇಳುವುದು ವಾಡಿಕೆ. ಮನೆಯೊಳಗಿನ ಬೆಳ್ಳಿಯ ಚಿಕ್ಕ ಪಾತ್ರೆಗಳನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯ ಪೂರ್ವವೃತ್ತಾಂತವನ್ನು ನೋಡಿದರೆ ಇವೂ ವಿಚಾರಾರ್ಹವೆಂಬುದು ತಿಳಿಯಬರುತ್ತದೆ.

ತಾಂಬೂಲಕ್ಕೂ ಪ್ರಭುತ್ವಕ್ಕೂ ಇರುವ ಸಂಬಂಧವು ಈ ನಾಡಿನಲ್ಲಿ ಬಹು ಪುರಾತನವಾದುದು. ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ವು ತಾಂಬೂಲವನ್ನು ರಾಜಭೋಗಗಳಲ್ಲೊಂದಾಗಿ ಎಣಿಸಿದೆ. ಹಾನಗಲ್ಲಿನ ಕದಂಬರು ಆ ಮನೆತನದ ಸಾಮಂತರು. ಅರಸನ ಎಲೆಯ ಸಂಚಿಯನ್ನು ಹೊರುವ ಹಡಪವಳನದು ಕೇವಲ ಊಳಿಗವಲ್ಲ, ನಂಬುಗೆಯ ಪದವಿ. 'ರಣವೀಳ್ಯ', 'ವೀಳ್ಯವೆತ್ತು' ಎಂಬ ಮಾತುಗಳೂ ಇದನ್ನೇ ಸಾರುತ್ತವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ರಜಾಕನಿಗೆ ಇಮ್ಮಡಿ ದೇವರಾಯನು ವೀಳ್ಯ, ಕರ್ಪೂರ, ಹೊನ್ನಿನ ಹಣಗಳನ್ನಿತ್ತು ಮನ್ನಿಸಿದನು.

ದಖ್ಖನದ ನವಾಬಿ ಮನೆತನಗಳಲ್ಲಿ ಈ ಮರ್ಯಾದೆಯು ಬೆಳ್ಳಿಯ ಪರಿಕರಗಳಲ್ಲಿ ಮೈದಾಳಿತು. ಸುಣ್ಣ, ಕಾಚು, ಅಡಿಕೆ, ಲವಂಗ, ಏಲಕ್ಕಿಗಳಿಗೆ ಬೇರೆಬೇರೆ ಮನೆಗಳುಳ್ಳ ಪಾನದಾನಿ, ತುಂಬಿದ ಹೊಟ್ಟೆ, ನೀಳವಾದ ಕೊರಳು, ತೂತುಗಳ ತಲೆಯುಳ್ಳ ಗುಲಾಬದಾನಿ, ಅತ್ತರದಾನಿ, ಪೀಕದಾನಿ ಮೊದಲಾದವು ಒಂದು ಗುಂಪಿನವು. ಅಕ್ಕಸಾಲಿಗನು ತಗಡನ್ನು ಅರಗಿನ ಮೇಲಿಟ್ಟು ಹಿಂಬದಿಯಿಂದ ಬಡಿದು ಬಳ್ಳಿ, ಹೂ, ಹಕ್ಕಿಗಳನ್ನು ಉಬ್ಬಿಸುವನು. ಒಕ್ಕಲಿಗನ ಬಟ್ಟೆಯ ಸಂಚಿಯಲ್ಲಿರುವ ಎಲೆಯೂ ಪಾನದಾನಿಯ ಎಲೆಯೂ ಒಂದೇ. ಅಂತರವನ್ನು ಹೇಳುವುದು ಪಾತ್ರೆ.

ಆದರೂ ಇವುಗಳ ಮಹಿಮೆಯು ಒಡೆತನಕ್ಕಿಂತ ವಿನಿಯೋಗದಲ್ಲಿಯೇ ಹೆಚ್ಚು. ದರ್ಬಾರು ಮುಗಿಯುವಾಗ ಅತ್ತರು ಪಾನಗಳನ್ನು ಕೊಡುವುದು ಪದ್ಧತಿ. ಅವನ್ನು ಪ್ರಭುವು ಸ್ವಹಸ್ತದಿಂದ ಕೊಡುವನೋ, ಅಧಿಕಾರಿಯ ಕೈಯಿಂದ ಕೊಡಿಸುವನೋ ಎಂಬುದರಿಂದಲೇ ಅತಿಥಿಯ ಅಂತಸ್ತು ನಿರ್ಣಯವಾಗುತ್ತಿತ್ತು. ಆಂಗ್ಲರೂ ತಮ್ಮ ದರ್ಬಾರುಗಳಲ್ಲಿ ಈ ಕ್ರಮವನ್ನು ಉಳಿಸಿಕೊಂಡರು.

ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಮಿಯಾನಾ ಪಠಾಣರ ನವಾಬಿಯಿತ್ತು. ಆ ಮನೆತನದ ಭಾಗ್ಯವು ಕ್ರಮವಾಗಿ ಕುಂದಿತು. 1756ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನೂ ನಿಜಾಮನೂ, ಬುಸ್ಸಿಯ ಫಿರಂಗಿಗಳ ನೆರವಿನಿಂದ ಸವಣೂರನ್ನು ಮುತ್ತಿದರು. 1779ರಲ್ಲಿ ನವಾಬ ಅಬ್ದುಲ್ ಹಕೀಮಖಾನನು ಹೈದರಾಲಿಯೊಡನೆ ಕೊಟ್ಟುತಂದು ಬೀಗತನ ಬೆಳೆಸಿದನು. ಆ ನಂಟೂ ಅವನನ್ನು ಕಾಯಲಿಲ್ಲ. 1786ರಲ್ಲಿ ಟಿಪ್ಪುವಿಗೆ ಹೆದರಿ ಅವನು ಮರಾಠರ ಮರೆಹೊಕ್ಕನು. ಬಂಕಾಪುರ ಮೊದಲಾದ ವಿಸ್ತಾರವಾದ ನಾಡು ಹೋಗಿ ಕೊನೆಗುಳಿದುದು ಸವಣೂರೂ ಸುತ್ತಣ ಕೆಲವು ಹಳ್ಳಿಗಳೂ ಮಾತ್ರ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು.

ನೆಲವು ಕುಗ್ಗಿದಂತೆ ಉಪಚಾರದ ಬೆಲೆ ಏರುವುದು ಲೋಕಸ್ವಭಾವ. ಗಡಿಯನ್ನು ಕಳೆದುಕೊಂಡ ದೊರೆಗೂ ಅತ್ತರು ಪಾನಗಳನ್ನಿತ್ತು ದೊರೆಯೆನಿಸುವ ಅವಕಾಶವುಂಟು. ಆದರೆ ಬೆಳ್ಳಿಗೆ ಎರಡು ಗುಣಗಳಿವೆ: ಅದು ಮರ್ಯಾದೆಯೂ ಹೌದು, ಹಣವೂ ಹೌದು. ಕಷ್ಟಕಾಲದಲ್ಲಿ ಮೊದಲು ಮೂಸೆಗೆ ಬೀಳುವುದು ಅದೇ. ಮನೆತನಗಳಲ್ಲಿ ಉಳಿದಿರುವ ಪಾತ್ರೆಗಳನ್ನು ತೂಕದಿಂದ ಮಾತ್ರ ಅಳೆದರೆ ಲೋಹವು ಉಳಿದೀತು, ಚರಿತ್ರೆಯು ಅಳಿದೀತು. ಯಾರ ಕೈಯಿಂದ ಯಾರ ಕೈಗೆ ಅವು ವೀಳ್ಯವನ್ನೊಯ್ದುವೆಂಬುದನ್ನೂ ಶಾಸನದಷ್ಟೇ ಎಚ್ಚರದಿಂದ ಬರೆದಿಡುವುದು ವಿದ್ವಾಂಸರ ಕರ್ತವ್ಯ.